ದುರ್ಗದ ತಿರುವಿನಲ್ಲಿ ಸಾಯುತ್ತಿದ್ದ ಎಂಜಿಬಿ: ಇಗ್ನಿಷನ್ ಸ್ವಿಚ್ ರಿಪೇರಿ

ಗಾಡಿ 1972ರ ಎಂಜಿಬಿ ರೋಡ್‌ಸ್ಟರ್. ಎರಡೇ ಸೀಟು, ಮಡಚುವ ಬಟ್ಟೆ ಟಾಪ್, 1798 ಸಿಸಿ ಎಂಜಿನ್, ಎರಡು ಎಸ್‌ಯು ಕಂಪನಿಯ ಕಾರ್ಬೊರೇಟರ್. ನನ್ನದಲ್ಲ, ಗುಬ್ಬಿ ಕಡೆ ಅಡಿಕೆ ತೋಟ ಇರುವ ಗೆಳೆಯರೊಬ್ಬರದ್ದು. ನನ್ನ ಕಸುಬು ಬೋರ್‌ವೆಲ್ ಮೋಟರ್ ರೀವೈಂಡಿಂಗ್ ಮತ್ತು ಸ್ಟಾರ್ಟರ್ ಪ್ಯಾನೆಲ್ ರಿಪೇರಿ. ತುಮಕೂರಿನ ಅಂತರಸನಹಳ್ಳಿಯಲ್ಲಿ ಶೆಡ್ ಇದೆ. ಹಳೆ ಕಾರಿನ ವೈರಿಂಗ್ ಸುಮ್ನೆ ಹಚ್ಚಿಕೊಂಡ ಹುಚ್ಚು.

ಪೆಟ್ರೋಲ್ ಬಂಕಿನಲ್ಲಿ ಮುಂದಿನ ಎಂಜಿ ಬಿಲ್ಲೆ ನೋಡಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಇದು ಈಗಿನ ಎಂಜಿ ಹೆಕ್ಟರ್ ಕಾರಿನ ಕಂಪನಿದಾ? ಹೆಸರು ಅದೇ. ಆದರೆ ಈ ಗಾಡಿ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯದ್ದು. ಅದು 1980ರಲ್ಲೇ ಮುಚ್ಚಿತು. 1962ರಿಂದ ಅಲ್ಲಿಯವರೆಗೆ 5 ಲಕ್ಷಕ್ಕೂ ಜಾಸ್ತಿ ಎಂಜಿಬಿ ತಯಾರಾದವು. ಹಾಗಾಗಿ ಬಿಡಿಭಾಗಕ್ಕೆ ಇವತ್ತಿಗೂ ಬರ ಇಲ್ಲ.

ದೂರು ಇಷ್ಟು. ಊರೊಳಗೆ, ಬಿ.ಎಚ್. ರಸ್ತೆಯಲ್ಲಿ, ಗಾಡಿ ಸರಿಯಾಗೇ ಓಡುತ್ತದೆ. ದೇವರಾಯನದುರ್ಗದ ಬೆಟ್ಟದ ಕಡೆ ಹೊರಟು, ನಾಮದ ಚಿಲುಮೆ ದಾಟಿ ಏರು ಶುರುವಾಗಿ, ಗಾಡಿ ಚೆನ್ನಾಗಿ ಬಿಸಿಯಾಯಿತು ಅನ್ನುವಾಗ ತಿರುವಿನಲ್ಲಿ ಎಂಜಿನ್ ಪಕ್ಕನೆ ಸಾಯುತ್ತದೆ. ಅರೆಕ್ಷಣ ಬಿಟ್ಟು ತಾನೇ ಎದ್ದುಕೊಳ್ಳುತ್ತದೆ. ಮಳೆ ಬಂದು ವೈಪರ್ ಹಾಕಿದ ದಿನ ಈ ಕಾಟ ಜಾಸ್ತಿ. ಒಂದೆರಡು ಸಲ ಪೂರ್ತಿ ನಿಂತು, ಹಿಂದೆ ಬಂದ ಟೆಂಪೊದವನ ಬಾಯಿಂದ ಬೈಗುಳ ತಿನ್ನಿಸಿದೆ.

ನನ್ನ ಹತ್ತಿರ ಬರುವ ಮೊದಲು ಕಿಡಿಗೆ ಹೈ ವೋಲ್ಟೇಜ್ ಹುಟ್ಟಿಸುವ ಕಾಯಿಲ್, ಅದರ ಕರೆಂಟ್ ಕಡಿದು ಕೂಡಿಸುವ ಪಾಯಿಂಟ್, ಕಂಡೆನ್ಸರ್, ಪ್ಲಗ್, ಪೆಟ್ರೋಲ್ ಫಿಲ್ಟರ್ ಎಲ್ಲ ಹೊಸದಾಗಿದ್ದವು. ಬದಲಿಸಿ ನೋಡೋಣ ಅನ್ನುವ ವೈದ್ಯ ನಮ್ಮಲ್ಲಿ ಬಲು ಜನಪ್ರಿಯ. ಬದಲಿಸಿದ ಯಾವ ಭಾಗವೂ ಕೆಟ್ಟಿರಲಿಲ್ಲ. ಹೊಸ ಕಂಡೆನ್ಸರ್ ಗುಣ ಹಳೆಯದಕ್ಕಿಂತ ಕಡಿಮೆ ಅಂತ ನನಗೆ ಅನುಮಾನ, ಆದರೆ ಅದು ಬೇರೆ ಜಗಳ.

ಬಾನೆಟ್ ಎತ್ತುವ ಮೊದಲು ಗೆಳೆಯರಿಗೆ ಕೇಳಿದ್ದು ಟ್ಯಾಕೋಮೀಟರ್, ಅಂದರೆ ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ತೋರಿಸುವ ಮೀಟರ್ ಬಗ್ಗೆ. ಎಂಜಿನ್ ಸತ್ತಾಗ ಮುಳ್ಳು ನಿಧಾನಕ್ಕೆ ಇಳಿಯುತ್ತದಾ, ಇಲ್ಲಾ ಧಡಕ್ಕನೆ ಸೊನ್ನೆಗೆ ಬೀಳುತ್ತದಾ? ಇದರಲ್ಲೇ ಅರ್ಧ ಉತ್ತರ ಇದೆ. ಗಾಡಿ ಗೇರಿನಲ್ಲಿ ಉರುಳುತ್ತಿದ್ದರೆ ಚಕ್ರಗಳೇ ಎಂಜಿನ್ ತಿರುಗಿಸುತ್ತಿರುತ್ತವೆ. ಪೆಟ್ರೋಲ್ ಕೊರತೆಯಾಗಿದ್ದರೆ ಕಿಡಿ ಇದ್ದೇ ಇರುತ್ತದೆ, ಮುಳ್ಳು ವೇಗದ ಜೊತೆಗೇ ಇಳಿಯುತ್ತದೆ. ಎಂಜಿನ್ ಕೂಡ ಕೆಮ್ಮಿ, ಎಳೆದಾಡಿ ನಿಲ್ಲುತ್ತದೆ. ಈ ಟ್ಯಾಕೋಮೀಟರ್ ಕಿಡಿಯ ಸರ್ಕ್ಯೂಟ್ ನೋಡಿಕೊಂಡು ಓಡುವ ಎಲೆಕ್ಟ್ರಾನಿಕ್ ಮೀಟರ್. ಗಾಡಿ ಓಡುತ್ತಿರುವಾಗಲೇ ಅದು ಸೊನ್ನೆಗೆ ಬಿದ್ದರೆ ಕರೆಂಟೇ ಹೋಗಿದೆ ಅಂತ ಅರ್ಥ.

ಸೊನ್ನೆಗೇ ಬೀಳುತ್ತದೆ ಅಂದರು.

ಇನ್ನೊಂದು ಗುರುತು, ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪ. ಎಂಜಿನ್ ಪೂರ್ತಿ ನಿಂತ ಮೇಲೆ ಕೀ ಆನ್ ಜಾಗದಲ್ಲೇ ಇದ್ದರೆ ಆ ದೀಪ ಹತ್ತಬೇಕು. ಹತ್ತದಿದ್ದರೆ ಸ್ವಿಚ್ಚಿನ ಈಚೆಗೆ ವಿದ್ಯುತ್ ಬರುತ್ತಿಲ್ಲ. ಗಾಡಿ ಇನ್ನೂ ಉರುಳುವಾಗ ಮಾತ್ರ ಈ ದೀಪವನ್ನು ನಂಬಬಾರದು. ಆಲ್ಟರ್ನೇಟರ್ ತಿರುಗುತ್ತಿದ್ದರೆ ಅದೇ ದೀಪದ ಮೂಲಕ ಹಿಂದಕ್ಕೆ ವಿದ್ಯುತ್ ಹರಿದು ಮಿಣುಕಬಹುದು. ಪೆಟ್ರೋಲ್ ಮೀಟರ್ ನೋಡಿಯೂ ಪ್ರಯೋಜನ ಇಲ್ಲ. ಅದರ ಮುಳ್ಳು ಬಿಸಿಯಿಂದ ಬಾಗುವ ಪಟ್ಟಿಯ ಮೇಲೆ ನಡೆಯುವುದು, ಅರೆಕ್ಷಣದ ಕಡಿತ ಅದಕ್ಕೆ ಗೊತ್ತೇ ಆಗುವುದಿಲ್ಲ.

ಇನ್ನು ತಂತಿಗಳು. ಬ್ರಿಟಿಷ್ ಗಾಡಿಗಳ ವಿದ್ಯುತ್ ಭಾಗ ಮಾಡುತ್ತಿದ್ದ ಲೂಕಾಸ್ ಕಂಪನಿಯ ತಂತಿ ಬಣ್ಣಗಳು ಒಮ್ಮೆ ತಲೆಗೆ ಹೋದರೆ ಮತ್ತೆ ಮರೆಯುವುದಿಲ್ಲ. ಹಳೆ ಅಂಬಾಸಿಡರ್ ವೈರಿಂಗ್ ಮಾಡಿದವರಿಗೆ ಇವು ಹೊಸದೂ ಅಲ್ಲ. ಕಂದು ತಂತಿ ಬ್ಯಾಟರಿಯಿಂದ ನೇರ, ಯಾವಾಗಲೂ ಜೀವಂತ, ಫ್ಯೂಸ್ ಇಲ್ಲ. ಬಿಳಿ ಅಂದರೆ ಕೀ ಆನ್ ಮಾಡಿದಾಗ ಸ್ವಿಚ್ಚಿನಿಂದ ಹೊರಬರುವುದು. ಬಿಳಿ ಮೇಲೆ ಕೆಂಪು ಗೆರೆ ಇದ್ದರೆ ಸ್ಟಾರ್ಟರ್ ಕಡೆಗೆ. ಬಿಳಿ ತಂತಿ ಫ್ಯೂಸ್ ದಾಟಿದ ಮೇಲೆ ಹಸಿರಾಗುತ್ತದೆ. ಕಂದು ಫ್ಯೂಸ್ ದಾಟಿದರೆ ನೇರಳೆ. ಕಪ್ಪು ಅರ್ಥಿಂಗ್. ಇವುಗಳಲ್ಲಿ ಬಿಳಿಯದೇ ಭಾರದ ಕೆಲಸ. ಕಾಯಿಲ್, ಹಿಂದುಗಡೆಯ ಎಸ್‌ಯು ಪೆಟ್ರೋಲ್ ಪಂಪ್, ಅದರ ಮೇಲೆ ಹಸಿರು ಸರ್ಕ್ಯೂಟಿನ ವೈಪರ್, ಹೀಟರ್ ಫ್ಯಾನ್, ಬ್ರೇಕ್ ಲೈಟ್, ಇಂಡಿಕೇಟರ್, ಮೀಟರುಗಳು. ಇಷ್ಟೂ ಸ್ಟಿಯರಿಂಗ್ ಕಾಲಂನಲ್ಲಿರುವ ಒಂದೇ ಸಣ್ಣ ಸ್ವಿಚ್ಚಿನ ಹಿತ್ತಾಳೆ ಚುಕ್ಕೆಯ ಮೂಲಕ ಹೋಗಬೇಕು. ಹೆಡ್‌ಲೈಟ್ ಒಂದಕ್ಕೆ ಬೇರೆ ದಾರಿ ಇದೆ, ಪುಣ್ಯಕ್ಕೆ.

ಕೀ ಆನ್ ಮಾಡಿದರೆ ಪಂಪ್ ಟಕ್ ಟಕ್ ಅನ್ನುತ್ತದೆ, ಕಾರ್ಬೊರೇಟರ್ ತುಂಬಿದ ಮೇಲೆ ನಿಧಾನವಾಗುತ್ತದೆ. ಶೆಡ್ಡಿನಲ್ಲಿ ಎಂಜಿನ್ ಓಡಿಸದೆ ಸುಮ್ನೆ ಕೀ ಅಲ್ಲಾಡಿಸಿ ಕೂತೆ. ಒಂದು ಕಡೆ ಒತ್ತಿದಾಗ ಕೆಂಪು ದೀಪ ಹೋಗಿ ಬಂತು, ಪಂಪೂ ಅದರ ಜೊತೆಗೆ ಒಂದು ಟಕ್ ಅಂದಿತು. ಅನುಮಾನ ಗಟ್ಟಿಯಾಯಿತು. ಆದರೆ ಗಾಡಿ ಓಡುವಾಗ ಆಗುವುದೂ ಇದೇನಾ? ತೋರಿಸಬೇಕಲ್ಲ.

ಅದಕ್ಕೆ ಹೀಗೆ ಮಾಡಿದೆ. ಕಾಯಿಲ್ಲಿನ ಪ್ಲಸ್ ತುದಿಯಿಂದ ಬಿಳಿ ತಂತಿ ಬಿಚ್ಚಿ, ಟೇಪ್ ಸುತ್ತಿ ಪಕ್ಕಕ್ಕೆ ಕಟ್ಟಿದೆ. ಫ್ಯೂಸ್ ಬಾಕ್ಸಿನ ಕಂದು ತುದಿಯಿಂದ 10 ಆಂಪಿಯರ್ ಫ್ಯೂಸ್ ಹಾಕಿದ ಹೊಸ ತಂತಿ ಎಳೆದು, ನಡುವೆ ಒಂದು ಟಾಗಲ್ ಸ್ವಿಚ್ ಇಟ್ಟು, ಕಾಯಿಲ್ಲಿಗೆ ಕೊಟ್ಟೆ. ಈಗ ಕಿಡಿಗೂ ಕೀಗೂ ಸಂಬಂಧ ಇಲ್ಲ. ಬಿಚ್ಚಿದ ಬಿಳಿ ತಂತಿಗೆ 5 ವ್ಯಾಟ್ ಬಲ್ಬ್ ಜೋಡಿಸಿ ಒಳಗೆ, ಪಕ್ಕದ ಸೀಟಿನವರಿಗೆ ಕಾಣುವ ಹಾಗೆ ಅಂಟಿಸಿದೆ. ಹೀಗೆ ಮಾಡುವವರು ಎರಡು ವಿಷಯ ನೆನಪಿಡಿ. ಕೀ ತಿರುಗಿಸಿದರೆ ಎಂಜಿನ್ ನಿಲ್ಲುವುದಿಲ್ಲ, ಟಾಗಲ್ಲಿನಲ್ಲೇ ನಿಲ್ಲಿಸಬೇಕು. ಓಡುವಾಗ ಕೀಯನ್ನು ಅಪ್ಪಿತಪ್ಪಿಯೂ ಲಾಕ್ ಕಡೆ ತಿರುಗಿಸಬಾರದು, ಸ್ಟಿಯರಿಂಗ್ ಬೀಗ ಬೀಳುತ್ತದೆ.

ಗೆಳೆಯರು ಓಡಿಸಿದರು, ನಾನು ಬಲ್ಬ್ ನೋಡುತ್ತ ಕೂತೆ. ದುರ್ಗದ ಏರಿನಲ್ಲಿ ಎಂಜಿನ್ ಒಂದು ಸಲವೂ ಮುಗ್ಗರಿಸಲಿಲ್ಲ. ಬಲ್ಬ್ ಮಾತ್ರ ತಿರುವು ತಿರುವಿಗೂ ಮಿಟುಕುತ್ತಿತ್ತು. ಬಲಕ್ಕೆ ತಿರುಗಿದಾಗ ಒಂದು, ಗುಂಡಿಗೆ ಇಳಿದಾಗ ಎರಡು. ಪಂಪಿಗೂ ಅದೇ ಕಡಿತ ಆಗುತ್ತಿತ್ತು, ಆದರೆ ಕಾರ್ಬೊರೇಟರ್ ಬಟ್ಟಲಿನಲ್ಲಿ ಪೆಟ್ರೋಲ್ ಇರುವುದರಿಂದ ಎಂಜಿನ್ನಿಗೆ ಗೊತ್ತಾಗಲಿಲ್ಲ. ಮೇಲೆ ನಿಲ್ಲಿಸಿ ಕಾಲಂ ಕವರ್ ಮುಟ್ಟಿ ನೋಡಿದರೆ ಬೆಚ್ಚಗಿತ್ತು. ಬಿಸಿಲಿನ ಬೆಚ್ಚಗಲ್ಲ, ಒಳಗಿನದು.

ಈಗ ಮೀಟರ್ ಕೆಲಸ. ನಮ್ಮಲ್ಲಿ ಸುಮಾರು ಜನ ಎಡವುವುದು ಇಲ್ಲೇ. ಸ್ವಿಚ್ಚಿನಿಂದ ಹೊರಬರುವ ಬಿಳಿ ತಂತಿ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 12.4 ವೋಲ್ಟ್ ತೋರಿಸುತ್ತದೆ. ಸ್ವಿಚ್ ಸರಿ ಇದೆ ಅಂತ ಎದ್ದು ಹೋಗುತ್ತಾರೆ. ಆದರೆ ಮೀಟರ್ ಎಳೆಯುವ ಕರೆಂಟ್ ಎಷ್ಟು? ಸಾಮಾನ್ಯ ಡಿಜಿಟಲ್ ಮೀಟರಿನ ಒಳಗೆ 10 ಮೆಗಾಓಮ್ ಇರುತ್ತದೆ, 12 ವೋಲ್ಟಿಗೆ ಒಂದು ಮೈಕ್ರೋ ಆಂಪಿಯರ್ ಚಿಲ್ಲರೆ. ಅಷ್ಟು ಕರೆಂಟ್ ಕೂದಲೆಳೆಯಷ್ಟು ಸಂಪರ್ಕದಲ್ಲೂ ದಾಟುತ್ತದೆ. ಲೋಡ್, ಅಂದರೆ ಕರೆಂಟ್ ಎಳೆಯುವ ಉಪಕರಣ, ಇಲ್ಲದ ವೋಲ್ಟೇಜಿಗೆ ಬೆಲೆ ಇಲ್ಲ. ಬೋರ್‌ವೆಲ್ ಕೇಬಲ್ ಜಾಯಿಂಟಿನಲ್ಲೂ ಇದನ್ನೇ ನೋಡಿದ್ದೇನೆ: ಮೋಟರ್ ಆಫ್ ಇದ್ದಾಗ ಮೂರೂ ಫೇಸ್ ಸರಿ, ಆನ್ ಮಾಡಿದ ತಕ್ಷಣ ಒಂದು ಕುಸಿಯುತ್ತದೆ.

ಸರಿಯಾದ ಕ್ರಮ ವೋಲ್ಟೇಜ್ ಡ್ರಾಪ್, ಅಂದರೆ ಸ್ವಿಚ್ ದಾಟುವಾಗ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಅಂತ ನೋಡುವುದು. ತಂತಿಗಳೆಲ್ಲ ಮೊದಲಿದ್ದ ಹಾಗೆ ಜೋಡಿಸಿ, ಮೀಟರಿನ ಒಂದು ಕಡ್ಡಿ ಸ್ವಿಚ್ಚಿಗೆ ಬರುವ ಕಂದು ತಂತಿಗೆ, ಇನ್ನೊಂದು ಹೊರಡುವ ಬಿಳಿ ತಂತಿಗೆ ಇಟ್ಟೆ. ಸ್ವಿಚ್ ಒಳ್ಳೆಯದಿದ್ದರೆ ಈ ಎರಡರ ನಡುವೆ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಪಾಯಿಂಟ್ ಮುಚ್ಚಿಕೊಂಡು ಕಾಯಿಲ್ ಮಾತ್ರ ಓಡುವಾಗ, ಅಂದರೆ 4 ಆಂಪಿಯರ್ ಹತ್ತಿರ, 0.4 ವೋಲ್ಟ್ ಬಂತು. ಆಗಲೇ ಜಾಸ್ತಿ. ವೈಪರ್, ಫ್ಯಾನ್, ಇಂಡಿಕೇಟರ್ ಹಾಕಿ ಬ್ರೇಕ್ ಒತ್ತಿ ಹಿಡಿದಾಗ ಕ್ಲಾಂಪ್ ಮೀಟರ್ 14 ಆಂಪಿಯರ್ ತೋರಿಸಿತು, ಡ್ರಾಪ್ 2.1 ವೋಲ್ಟಿಗೆ ಏರಿತು. ಎರಡನ್ನೂ ಗುಣಿಸಿದರೆ 29 ವ್ಯಾಟ್. ಅಷ್ಟೂ ಆ ಪ್ಲಾಸ್ಟಿಕ್ ಡಬ್ಬಿಯೊಳಗೆ ಶಾಖವಾಗಿ ಕೂರುತ್ತಿತ್ತು. ಕೀ ಮೇಲೆ ಬೆರಳಿಟ್ಟು ಸ್ವಲ್ಪ ಒತ್ತಿದರೆ ಅಂಕಿ 5, 8 ಅಂತ ಕುಣಿಯಿತು. ಮಳೆ ದಿನ ಕಾಟ ಜಾಸ್ತಿ ಯಾಕೆ ಅನ್ನುವುದಕ್ಕೂ ಉತ್ತರ ಸಿಕ್ಕಿತು. ನೀರು ಎಲ್ಲೂ ಇಳಿದಿರಲಿಲ್ಲ, ವೈಪರ್ ಕರೆಂಟ್ ಸೇರಿಕೊಳ್ಳುತ್ತಿತ್ತು ಅಷ್ಟೇ.

ಒಂದು ಎಚ್ಚರಿಕೆ. ಎಂಜಿನ್ ನಿಂತಿರುವಾಗ ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಕೀ ಆನ್ ಬಿಟ್ಟು ಚಹಾಕ್ಕೆ ಹೋಗಬೇಡಿ. ಕಾಯಿಲ್ ಸುಡುತ್ತದೆ. ಅಳತೆ ಮಾಡಿ ಬೇಗ ಆಫ್ ಮಾಡಿ.

ಬಿಚ್ಚುವ ಮೊದಲು ಬ್ಯಾಟರಿ ಕಳಚಬೇಕು. ಕಂದು ತಂತಿಗೆ ಫ್ಯೂಸ್ ಇಲ್ಲ ಅಂದೆನಲ್ಲ, ಸ್ಪ್ಯಾನರ್ ತಗುಲಿದರೆ ನೇರ ಬೆಂಕಿ. ಈ ಕಾಲದ ಎಂಜಿಬಿಯಲ್ಲಿ ಬ್ಯಾಟರಿ ಬಾನೆಟ್ ಒಳಗಿಲ್ಲ. ಸೀಟಿನ ಹಿಂದೆ, ನೆಲದ ಕೆಳಗೆ, 6 ವೋಲ್ಟಿನ ಎರಡು ಸರಣಿಯಲ್ಲಿ ಇರುತ್ತಿದ್ದವು. ಈ ಗಾಡಿಯಲ್ಲಿ ಯಾರೋ ಒಂದೇ 12 ವೋಲ್ಟಿನದ್ದು ಕೂರಿಸಿದ್ದಾರೆ. ಒಳ್ಳೆಯ ಕೆಲಸವೇ.

ಕಾಲಂ ಕವರ್ ತೆಗೆದರೆ ಬೀಗದ ಗೂಡು ಕಾಣುತ್ತದೆ. ಬೀಗ ಬೇರೆ, ಸ್ವಿಚ್ ಬೇರೆ. ಕೀ ಹೋಗುವ ಸಿಲಿಂಡರ್ ಮತ್ತು ಸ್ಟಿಯರಿಂಗ್ ಹಿಡಿಯುವ ಗೂಟ ಒಂದು ಭಾಗ. ಅದರ ಹಿಂಭಾಗದಲ್ಲಿ ಕೂತಿರುವ ಪ್ಲಾಸ್ಟಿಕ್ ಡಬ್ಬಿ ಕರೆಂಟ್ ಸ್ವಿಚ್. ಗೂಡನ್ನು ಹಿಡಿದಿರುವ ಬೋಲ್ಟುಗಳ ತಲೆ ಕಾರ್ಖಾನೆಯಲ್ಲೇ ಮುರಿದು ಬಿಟ್ಟಿರುತ್ತಾರೆ, ಕಳ್ಳ ಬಿಚ್ಚಬಾರದು ಅಂತ. ಅವುಗಳ ತಂಟೆಗೆ ಹೋಗುವುದೇ ಬೇಡ. ಹಿಂದಿನ ಸಣ್ಣ ಸ್ಕ್ರೂ ತೆಗೆದು, ಪ್ಲಗ್ ಬಿಡಿಸಿದರೆ ಡಬ್ಬಿ ಕೈಗೆ ಬರುತ್ತದೆ. ಕಂದು ತಂತಿಯ ತುದಿ ಅರ್ಧ ಇಂಚು ಗಟ್ಟಿಯಾಗಿ, ಬಾಗಿಸಿದರೆ ಚಟಕ್ಕನೆ ಬಿರುಕು ಬಿಡುವ ಹಾಗಾಗಿತ್ತು. ಕೀ ಇಲ್ಲದೆ ಡಬ್ಬಿಯ ಸೀಳಿಗೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿ ಮತ್ತೆ ಅಳೆದೆ. ಆಗಲೂ ಅದೇ ಡ್ರಾಪ್. ಅಲ್ಲಿಗೆ ಬೀಗ ಬಚಾವಾಯಿತು.

ಒಳಗಿನ ಸ್ಥಿತಿ ನೋಡಲು ನನ್ನ ಕಣ್ಣು ಸಾಲದು. ನಮ್ಮ ಬೀದಿಯಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರಿದ್ದಾರೆ. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಒಪ್ಪಿಗೆ ಕೊಟ್ಟಿತು, ತುಮಕೂರಿನ ಜಾಗ ಆಮೇಲೆ ಇಸ್ರೊಗೆ ಹೋಯಿತು. ಆ ಕೈಗಳು ಮಾತ್ರ ಊರಲ್ಲೇ ಉಳಿದವು. ಅವರು ಡಬ್ಬಿಯ ಕೊಂಡಿ ಎಬ್ಬಿಸಿ ಬಿಳಿ ಬಟ್ಟೆಯ ಮೇಲೆ ಬಿಚ್ಚಿದರು. ಮೊದಲು ಬಟ್ಟೆ ಹಾಸಿದ್ದು ಯಾಕೆ ಅಂತ ಮರುಕ್ಷಣವೇ ಗೊತ್ತಾಯಿತು. ಒಂದು ಸ್ಪ್ರಿಂಗ್ ಹಾರಿ ಅದರ ಅಂಚಿಗೆ ಹೋಗಿ ನಿಂತಿತು.

ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ನೋಡಿ ನನಗೂ ತೋರಿಸಿದರು. ತಿರುಗುವ ಹಿತ್ತಾಳೆ ತಟ್ಟೆಯಲ್ಲಿ ಎರಡು ಉಬ್ಬು ಚುಕ್ಕೆಗಳು. ಸ್ಟಾರ್ಟರ್ ಕಡೆಯದ್ದು ಹೊಳೆಯುತ್ತಿತ್ತು. ಇಗ್ನಿಷನ್ ಕಡೆಯದ್ದು ಕಪ್ಪಾಗಿ, ನಡುವೆ ಕುಳಿ ಬಿದ್ದು, ಕುಳಿಯ ಸುತ್ತ ಕರಗಿದ ಲೋಹ ಏಣಿನ ಹಾಗೆ ಎದ್ದಿತ್ತು. ಹಳೆ ಗ್ರೀಸ್ ಗಟ್ಟಿಯಾಗಿ ಟಾರಿನ ಚೂರಾಗಿತ್ತು. ತಟ್ಟೆ ಕೂರುವ ಪ್ಲಾಸ್ಟಿಕ್ ಅಂಚು ಆ ಒಂದೇ ಕಡೆ ಮೆತ್ತಗಾಗಿ ಇಳಿದು ಮತ್ತೆ ಗಟ್ಟಿಯಾಗಿದೆ. ತಟ್ಟೆ ಅಷ್ಟೇ ಓರೆಯಾಗಿದೆ. "ಸ್ಪ್ರಿಂಗ್ ಬೆಂದಿದೆ" ಅಂದರು. ಹೊಸದಕ್ಕೂ ಇದಕ್ಕೂ ಬೆರಳಲ್ಲಿ ಒತ್ತಿದರೇ ವ್ಯತ್ಯಾಸ ಗೊತ್ತಾಗುತ್ತದೆ, ಇದರಲ್ಲಿ ಕಸುವಿಲ್ಲ. ಒತ್ತಡ ಕಮ್ಮಿಯಾದರೆ ಸಂಪರ್ಕ ಕೆಡುತ್ತದೆ, ಸಂಪರ್ಕ ಕೆಟ್ಟರೆ ಬಿಸಿ, ಬಿಸಿಗೆ ಸ್ಪ್ರಿಂಗ್ ಇನ್ನಷ್ಟು ಸೋಲುತ್ತದೆ.

ನಾನು ಮರಳು ಕಾಗದ ತೆಗೆದೆ, ಅವರು ಕೈ ತಡೆದರು. ಕಾಗದದ ಮರಳು ಮೆತ್ತನೆಯ ಹಿತ್ತಾಳೆಯಲ್ಲಿ ಕಚ್ಚಿಕೊಂಡು ಉಳಿಯುತ್ತದೆಯಂತೆ. ಸಣ್ಣ ಅರದಿಂದ ಏಣು ಮಾತ್ರ ತೆಗೆದು, ಕುಳಿ ಪೂರ್ತಿ ಹೋಗುವವರೆಗೆ ಉಜ್ಜದೆ, ಸ್ಪಿರಿಟ್ಟಿನಲ್ಲಿ ತೊಳೆದರು. ತಮ್ಮ ಡಬ್ಬಿಯಿಂದ ಅದೇ ಅಳತೆಯ ಸ್ಪ್ರಿಂಗ್ ಹುಡುಕಿ, ಒಂದು ಸುತ್ತು ಕತ್ತರಿಸಿ ಕೂರಿಸಿದರು. ಇಳಿದ ಪ್ಲಾಸ್ಟಿಕ್ ಅಂಚಿನ ಕೆಳಗೆ ತೆಳು ಫೈಬರ್ ಚೂರು. ಕಾಂಟ್ಯಾಕ್ಟ್ ಗ್ರೀಸ್ ಒಂದು ಹನಿ, ಅಷ್ಟೇ. ದುಡ್ಡು ಮುಟ್ಟಲಿಲ್ಲ, ಗಾಡಿಯಲ್ಲಿ ಕ್ಯಾತ್ಸಂದ್ರದವರೆಗೆ ಕರೆದುಕೊಂಡು ಹೋಗಿ ತಟ್ಟೆ ಇಡ್ಲಿ ಕೊಡಿಸಬೇಕು ಅಂದರು.

ಹಾಗೇ ಜೋಡಿಸಿ ಕಳಿಸಬಹುದಿತ್ತು. ಆದರೆ ಸ್ವಿಚ್ ಸುಟ್ಟಿದ್ದು ಅದರ ತಪ್ಪಿನಿಂದಲ್ಲ, 14 ಆಂಪಿಯರ್ ಹೊರಿಸಿದ್ದರಿಂದ. ಹೊಸ ಸ್ವಿಚ್ ತರಿಸಿದರೂ ಅದಕ್ಕೂ ಅದೇ ಗತಿ. ನಮ್ಮ ಬೋರ್‌ವೆಲ್ ಸ್ಟಾರ್ಟರ್ ಪೆಟ್ಟಿಗೆ ನೋಡಿ. ಹಸಿರು ಬಟನ್ ಒತ್ತಿದಾಗ ಮೋಟರಿನ ಕರೆಂಟ್ ಬಟನ್ನಿನಲ್ಲಿ ಹರಿಯುತ್ತದಾ? ಇಲ್ಲ. ಬಟನ್ ಕಾಂಟ್ಯಾಕ್ಟರ್ ಅನ್ನುವ ದೊಡ್ಡ ಸ್ವಿಚ್ಚಿನ ಕಾಯಿಲನ್ನು ಎಬ್ಬಿಸುತ್ತದೆ, ಭಾರ ಹೊರುವುದು ಕಾಂಟ್ಯಾಕ್ಟರ್. ಕಾರಿನಲ್ಲಿ ಆ ಕೆಲಸ ರಿಲೇಯದ್ದು.

ಮಾಮೂಲಿ ನಾಲ್ಕು ಪಿನ್ನಿನ 12 ವೋಲ್ಟ್, 30 ಆಂಪಿಯರ್ ರಿಲೇ ಸಾಕು. ಇದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬೇಕಿಲ್ಲ, ಊರಲ್ಲೇ ಸಿಗುತ್ತದೆ. ಎಂಜಿಬಿ ಫ್ಯೂಸ್ ಬಾಕ್ಸಿನಲ್ಲಿ ಕಂದು ಮತ್ತು ಬಿಳಿ ಅಕ್ಕಪಕ್ಕದಲ್ಲೇ ಇರುವುದರಿಂದ ಕೆಲಸ ಸುಲಭ. ಫ್ಯೂಸಿನ ಬಿಳಿ ತುದಿಯಲ್ಲಿದ್ದ ತಂತಿಗಳನ್ನೆಲ್ಲ ತೆಗೆದು ಒಟ್ಟಿಗೆ ಸೇರಿಸಿದೆ. ಅವು ಕಾಯಿಲ್ಲಿಗೂ ಪಂಪಿಗೂ ಹೋಗುತ್ತಲೇ ಇರಲಿ. ಆ ಗಂಟಿನಿಂದ ಒಂದು ತೆಳು ತಂತಿ ರಿಲೇಯ 86 ನಂಬರಿನ ಪಿನ್ನಿಗೆ. 85 ಅರ್ಥಿಂಗಿಗೆ. ಕಂದು ತುದಿಯಿಂದ 20 ಆಂಪಿಯರ್ ಫ್ಯೂಸ್ ದಾಟಿ 30 ನಂಬರಿನ ಪಿನ್ನಿಗೆ. 87ರಿಂದ ಖಾಲಿಯಾದ ಫ್ಯೂಸ್ ತುದಿಗೆ. ಹಸಿರು ಸರ್ಕ್ಯೂಟ್ ಪೂರ್ತಿ ಈಗ ರಿಲೇ ಮೇಲೆ. ರಿಲೇ ಕಾಯಿಲ್ ತಿನ್ನುವುದು 0.15 ಆಂಪಿಯರ್ ಆಸುಪಾಸು, ಸ್ವಿಚ್ಚಿಗೆ ಅದು ಲೆಕ್ಕಕ್ಕೇ ಇಲ್ಲ.

ಕಾಯಿಲನ್ನೂ ಪಂಪನ್ನೂ ರಿಲೇಗೆ ಯಾಕೆ ಹಾಕಲಿಲ್ಲ ಅಂತ ಕೆಲವರು ಕೇಳಿದರು. ಬೇಕಂತಲೇ ಹಾಕಲಿಲ್ಲ. ರಿಲೇ ಕೂಡ ಒಂದು ದಿನ ಕೆಡುತ್ತದೆ. ಕೆಟ್ಟರೆ ವೈಪರ್, ಬ್ರೇಕ್ ಲೈಟ್ ಹೋಗಲಿ, ಅದನ್ನು ಕಂಡುಹಿಡಿಯಬಹುದು. ದುರ್ಗದ ತಿರುವಿನಲ್ಲಿ ಎಂಜಿನ್ ಸಾಯುವುದು ಬೇಡ. ಕಾಯಿಲ್, ಪಂಪ್ ಎರಡೂ ಸೇರಿ ಆರೇಳು ಆಂಪಿಯರ್ ಒಳಗೇ, ಅದನ್ನು ಈ ಸ್ವಿಚ್ ಆರಾಮಾಗಿ ಹೊರುತ್ತದೆ.

ಮತ್ತೆ ಅದೇ ಅಳತೆ. ಎಲ್ಲ ಹಾಕಿ ಬ್ರೇಕ್ ಒತ್ತಿದಾಗ ಸ್ವಿಚ್ಚಿನ ಡ್ರಾಪ್ 0.1 ವೋಲ್ಟ್. ಕೀ ಅಲ್ಲಾಡಿಸಿದರೂ ಅಂಕಿ ಕದಲಲಿಲ್ಲ. ವೈಪರ್ ಓಟ ನೋಡಿ ಗೆಳೆಯರು ಮೋಟರ್ ಬದಲಿಸಿದಿರಾ ಅಂತ ಕೇಳಿದರು. ದುರ್ಗ ಹತ್ತಿ ಇಳಿದು ಬಂದೆವು, ಮುಳ್ಳು ಎಲ್ಲೂ ಸೊನ್ನೆಗೆ ಬೀಳಲಿಲ್ಲ. ಕಾಲಂ ತಣ್ಣಗೇ ಇತ್ತು. ಇಡ್ಲಿ ಸಾಲವೂ ತೀರಿತು.

ಒಂದು ಬದಲಾವಣೆ ಮಾತ್ರ ಗೆಳೆಯರಿಗೆ ಇಷ್ಟವಾಗಿಲ್ಲ. ಅವರ ಕೀ ಗೊಂಚಲಿನಲ್ಲಿ ಮನೆಯದ್ದು, ಗೇಟಿನದ್ದು, ತೋಟದ ಪಂಪ್ ಮನೆಯದ್ದು, ಜೊತೆಗೆ ಒಂದು ಹಿತ್ತಾಳೆ ಗಣಪತಿ. ಗಾಡಿ ಕುಲುಕಿದಾಗೆಲ್ಲ ಆ ಭಾರ ಬೀಗವನ್ನು ಜಗ್ಗುತ್ತದೆ. ಇದು ಹಳೆ ಗಾಡಿಯ ಗೋಳು ಮಾತ್ರ ಅಲ್ಲ. 2014ರಲ್ಲಿ ಜನರಲ್ ಮೋಟರ್ಸ್ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆದದ್ದು ಇಗ್ನಿಷನ್ ಸ್ವಿಚ್ ಸಡಿಲ ಅಂತಲೇ. ಗೊಂಚಲಿನ ಭಾರಕ್ಕೋ ಕುಲುಕಿಗೋ ಕೀ ತಾನೇ ತಿರುಗಿ, ಓಡುವ ಕಾರು ಆಫ್ ಆಗಿ, ಅಪಘಾತದಲ್ಲಿ ಏರ್‌ಬ್ಯಾಗೂ ತೆರೆಯದೆ ಹೋಗುತ್ತಿತ್ತು. ಅವರ ಪರಿಹಾರ ನಿಧಿಯೇ 124 ಸಾವುಗಳನ್ನು ಒಪ್ಪಿಕೊಂಡಿತು. ಇದನ್ನೆಲ್ಲ ಹೇಳಿದ ಮೇಲೆ ಕಾರಿನ ಕೀ ಒಂಟಿಯಾಯಿತು. ಗಣಪತಿ ಡ್ಯಾಶ್‌ಬೋರ್ಡಿಗೆ ಬಂದ.

ಇಂಗ್ಲೆಂಡಿನಿಂದ ಹೊಸ ಸ್ವಿಚ್ ಒಂದು ತರಿಸಲು ಹೇಳಿದ್ದೇನೆ. ಬಂದರೆ ಕೂರಿಸುವುದಿಲ್ಲ, ಗ್ಲವ್ ಬಾಕ್ಸಿನಲ್ಲಿ ಇರಲಿ. ಈಗ ಬರುವ ನಕಲಿಗಳ ಗುಣ ಒಂದೇ ಸಮ ಇರುವುದಿಲ್ಲ, ಬಿಚ್ಚಿ ಸರಿ ಮಾಡಿದ ಹಳೆಯದರ ಮೇಲೇ ನನಗೆ ನಂಬಿಕೆ ಜಾಸ್ತಿ. ಮುಂದಿನ ಕೆಲಸ ಹಾರ್ನ್. ನೇರಳೆ ತಂತಿಯಲ್ಲಿ 12 ವೋಲ್ಟ್ ಇದೆ, ಲೋಡ್ ಹಾಕಿಯೇ ನೋಡಿದ್ದೇನೆ. ಸ್ಟಿಯರಿಂಗ್ ನಡುವಿನ ಬಟನ್ನಿಗೆ ಅರ್ಥಿಂಗ್ ಸಿಗುತ್ತಿಲ್ಲ ಅನ್ನಿಸುತ್ತದೆ. ಅಲ್ಲಿಯವರೆಗೆ ಗೆಳೆಯರು ಎಮ್ಮೆ ಅಡ್ಡ ಬಂದಾಗ ಬಾಯಲ್ಲೇ ಕೂಗಿಕೊಳ್ಳಬೇಕು, ಟಾಪ್ ಹೇಗೂ ತೆರೆದೇ ಇರುತ್ತದಲ್ಲ.